ಬೆಣ್ಣೆಹಣ್ಣಿನ ಕೊಬ್ಬಿಗೆ ಹೆದರಬೇಕಾಗಿಲ್ಲ

ಕೊಲೆಸ್ಟ್ರಾಲ್ ಜಾಸ್ತಿ ಇದೆ, ಬೆಣ್ಣೆಹಣ್ಣಲ್ಲಿ ಬರೀ ಕೊಬ್ಬೇ ಇದೆಯಂತೆ, ತಿನ್ನಬಹುದಾ ಅಂತ ಕೇಳಿದ್ದೀರಿ. ತಿನ್ನಬಹುದು, ಭಯ ಬೇಡ. ಗಿಡದಿಂದ ಬಂದದ್ದಾದ್ದರಿಂದ ಇದರಲ್ಲಿ ಕೊಲೆಸ್ಟ್ರಾಲ್ ಇಲ್ಲವೇ ಇಲ್ಲ. 100 ಗ್ರಾಂ ತಿರುಳಿನಲ್ಲಿ ಸುಮಾರು 15 ಗ್ರಾಂ ಕೊಬ್ಬು ಇರೋದು ನಿಜ. ಆದರೆ ಅದರಲ್ಲಿ ಹೆಚ್ಚುಕಡಿಮೆ 10 ಗ್ರಾಂ ಆಲಿವ್ ಎಣ್ಣೆಯಲ್ಲಿರೋ ಥರದ್ದೇ ಒಳ್ಳೆಯ ಕೊಬ್ಬು. ಬೆಣ್ಣೆ, ಚೀಸ್ ಬಿಟ್ಟು ಆ ಜಾಗದಲ್ಲಿ ಇದನ್ನು ತಿಂದರೆ ಕೆಟ್ಟ ಕೊಲೆಸ್ಟ್ರಾಲ್ (ಎಲ್‌ಡಿಎಲ್) ಇಳಿಯಲು ಸಹಾಯವಾಗುತ್ತೆ. ಅವೆಲ್ಲದರ ಜೊತೆಗೆ ಇದನ್ನೂ ಸೇರಿಸಿಕೊಂಡರೆ ಕ್ಯಾಲೊರಿ ಏರುತ್ತೆ ಅಷ್ಟೇ. 100 ಗ್ರಾಂಗೆ ಸುಮಾರು 160 ಕ್ಯಾಲೊರಿ. ದಿನಕ್ಕೆ ಅರ್ಧ ಹಣ್ಣು ಸಾಕು ಅನ್ನೋದು ನನ್ನ ಅಭಿಪ್ರಾಯ.

100 ಗ್ರಾಂ ತಿರುಳಲ್ಲಿ 6-7 ಗ್ರಾಂ ನಾರೂ ಸಿಗುತ್ತೆ, ಇದನ್ನು ಯಾರೂ ಹೇಳೋದೇ ಇಲ್ಲ! ಕ್ಯಾರೆಟ್, ಟೊಮೆಟೊ ಹೆಚ್ಚಿದ ಸಲಾಡ್‌ಗೆ ನಾಲ್ಕು ಹೋಳು ಹಾಕಿ ನೋಡಿ. ಕ್ಯಾರೆಟ್‌ನ ಬೀಟಾ ಕ್ಯಾರೊಟಿನ್ (ಮೈಯಲ್ಲಿ ವಿಟಮಿನ್ ಎ ಆಗುವ ಅಂಶ) ಕೊಬ್ಬಿನಲ್ಲಿ ಕರಗುವಂಥದ್ದು, ಹಾಗಾಗಿ ಬೆಣ್ಣೆಹಣ್ಣಿನ ಕೊಬ್ಬಿನ ಜೊತೆ ಮೈಗೆ ಚೆನ್ನಾಗಿ ಹತ್ತುತ್ತೆ. ಸಕ್ಕರೆ, ಹಾಲು ಸುರಿದು ಮಿಲ್ಕ್‌ಶೇಕ್ ಮಾಡಬೇಡಿ ದಯವಿಟ್ಟು.

ಒಂದೇ ಎಚ್ಚರಿಕೆ: ಮೂತ್ರಪಿಂಡದ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ತಿನ್ನಬೇಡಿ, ಇದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕೊಲೆಸ್ಟ್ರಾಲ್ ಮಾತ್ರೆ ತಗೋತಿದ್ದರೆ ಹಣ್ಣು ತಿಂತೀನಿ ಅಂತ ಅದನ್ನು ನಿಲ್ಲಿಸಲೂಬೇಡಿ.