ಗರ್ಭಿಣಿ ತಂಗಿಯ ಬಯಾಪ್ಸಿಯಲ್ಲಿ ‘ಲಿಂಫೋಮಟಾಯ್ಡ್ ಪ್ಯಾಪ್ಯುಲೋಸಿಸ್’ ಬಂದಿದೆ. ಇದು ಕ್ಯಾನ್ಸರಾ? ಮಗುವಿಗೆ ತೊಂದರೆಯಾ?

ನಿಮ್ಮ ತಂಗಿಗೆ ಐದು ತಿಂಗಳು, ಕೈಕಾಲಲ್ಲಿ ಗುಳ್ಳೆ ಎದ್ದು ತಾವಾಗೇ ಒಣಗುತ್ತಿವೆ, ವರದಿಯಲ್ಲಿ ‘ಸಿಡಿ30 ಪಾಸಿಟಿವ್’ (ಸಿಡಿ30 ಅಂದರೆ ಕೆಲವು ಬಿಳಿರಕ್ತಕಣಗಳ ಮೇಲೆ ಕಾಣುವ ಒಂದು ಗುರುತಿನ ಪ್ರೋಟೀನ್) ಎಂದಿದೆ ಎಂದು ಬರೆದಿದ್ದೀರಿ. ತಾವಾಗೇ ಒಣಗುತ್ತಿವೆ ಅನ್ನುವುದೇ ಇಲ್ಲಿ ದೊಡ್ಡ ಸುಳಿವು, ಸಮಾಧಾನದ ಸುಳಿವು.

ಈ ಕಾಯಿಲೆಯ ಗುಳ್ಳೆ ಕೆಂಪಗೆ ಏಳುತ್ತದೆ, ನಡುವೆ ಕಪ್ಪು ಹಕ್ಕಳೆ ಕಟ್ಟುತ್ತದೆ, ಮೂರರಿಂದ ಎಂಟು ವಾರದಲ್ಲಿ ಕಲೆ ಬಿಟ್ಟು ಹೋಗುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿ ಹೊಸದು ಹುಟ್ಟಿರುತ್ತದೆ. ಆದರೆ ಅದೇ ಗುಳ್ಳೆಯ ಚೂರು ಸೂಕ್ಷ್ಮದರ್ಶಕದ ಕೆಳಗೆ ಉಗ್ರ ಲಿಂಫೋಮಾದಂತೆ, ಅಂದರೆ ಬಿಳಿರಕ್ತಕಣಗಳ ಒಂದು ಬಗೆಯ ಕ್ಯಾನ್ಸರಿನಂತೆ, ಕಾಣುತ್ತದೆ. 1968ರಲ್ಲಿ ಮೆಕಾಲೆ ಎಂಬ ವೈದ್ಯರು ಇದಕ್ಕೆ ಹೆಸರಿಟ್ಟಾಗಲೇ ಈ ವಿರೋಧಾಭಾಸವನ್ನು ಗುರುತಿಸಿದ್ದರು. ಗುಳ್ಳೆ ಬಂದುಹೋಗುವ ವಿಷಯ ಚೂರನ್ನು ಪರೀಕ್ಷಿಸುವ ಪೆಥಾಲಜಿಸ್ಟ್‌ಗೆ ತಿಳಿಸದಿದ್ದರೆ ಲಿಂಫೋಮಾ ಎಂದೇ ಬರೆದುಬಿಡುವ ಅಪಾಯವಿದೆ. ಹಾಗಾದರೆ ಬೇಡದ ಕೀಮೋಥೆರಪಿಯ ಮಾತು ಬರುತ್ತದೆ. ಆದ್ದರಿಂದ ಒಂದೇ ಗುಳ್ಳೆಯ ಫೋಟೋವನ್ನು ಪಕ್ಕದಲ್ಲಿ ಸ್ಕೇಲ್ ಇಟ್ಟು ವಾರಕ್ಕೊಮ್ಮೆ ತೆಗೆದು, ವೈದ್ಯರಿಗೆ ತೋರಿಸಿ. ಮತ್ತೆ ಬಯಾಪ್ಸಿ ಬೇಕೆಂದರೆ ಹೆದರಬೇಡಿ: ಮರಗಟ್ಟಿಸುವ ಲಿಗ್ನೋಕೇನ್ ಚುಚ್ಚಿ 4 ಮಿ.ಮೀ. ಪಂಚ್ (ಚರ್ಮದ ಸಣ್ಣ ದುಂಡು ಚೂರು) ತೆಗೆಯುವುದು ಗರ್ಭಿಣಿಯರಿಗೆ ಸುರಕ್ಷಿತ. ಹಕ್ಕಳೆ ಕಟ್ಟಿದ್ದು ಬೇಡ, ಚೆನ್ನಾಗಿ ಎದ್ದಿರುವ ಹೊಸ ಗುಳ್ಳೆಯನ್ನೇ ತೆಗೆಯಲಿ.

ಮಗುವಿನ ವಿಷಯದಲ್ಲಿ ನನಗೆ ಕಾಯಿಲೆಗಿಂತ ಔಷಧಿಯ ಚಿಂತೆಯೇ ಹೆಚ್ಚು. ಇದಕ್ಕೆ ಸಾಮಾನ್ಯವಾಗಿ ಬರೆಯುವುದು ವಾರಕ್ಕೊಮ್ಮೆಯ ಮೆಥೋಟ್ರೆಕ್ಸೇಟ್. ಅದು ಗರ್ಭಪಾತಕ್ಕೂ ಮಗುವಿನ ಅಂಗವೈಕಲ್ಯಕ್ಕೂ ಕಾರಣವಾಗುತ್ತದೆ. ಬಸುರಿಯಲ್ಲೂ ಬೇಡ, ಎದೆಹಾಲು ಕುಡಿಸುವಾಗಲೂ ಬೇಡ. ಈಗಾಗಲೇ ನುಂಗಿದ್ದರೆ ಇವತ್ತೇ ಪ್ರಸೂತಿ ವೈದ್ಯರಿಗೆ ಹೇಳಿ. ಇದಕ್ಕೆ ಕೊಡುವ ಇನ್ನೊಂದು ಔಷಧಿ ಬೆಕ್ಸರೋಟೀನ್ ಕೂಡ ಮಗುವಿಗೆ ಅಪಾಯಕಾರಿ, ಅದೂ ಬೇಡ. ಸೊರಲೆನ್ ಎಂಬ ಔಷಧಿ ಕೊಟ್ಟು ನೇರಳಾತೀತ ಬೆಳಕು ಹಾಯಿಸುವ ಪೂವಾ ಚಿಕಿತ್ಸೆಯನ್ನೂ ಹೆರಿಗೆ ತನಕ ದೂರವಿಡುತ್ತಾರೆ.

ಗುಳ್ಳೆ ಕಡಿಮೆಯಿದ್ದರೆ ಏನೂ ಮಾಡದೆ ಕಾಯುವುದೇ ಸರಿ. ಚಿಕಿತ್ಸೆ ಕೊಟ್ಟರೆ ಗುಳ್ಳೆ ಹತೋಟಿಗೆ ಬರುತ್ತದೆ, ಆದರೆ ಕಾಯಿಲೆಯ ಮುಂದಿನ ದಾರಿ ಬದಲಾಗುವುದಿಲ್ಲ. ತುರಿಕೆಯಿದ್ದರೆ ಸೌಮ್ಯ ಅಥವಾ ಮಧ್ಯಮ ಸ್ಟೀರಾಯ್ಡ್ ಮುಲಾಮನ್ನು ಗುಳ್ಳೆಯ ಮೇಲಷ್ಟೇ ಹಚ್ಚಲಿ. ಮೈತುಂಬ ಎದ್ದರೆ ನ್ಯಾರೋಬ್ಯಾಂಡ್ ಯುವಿಬಿ ಎಂಬ ಬೆಳಕಿನ ಚಿಕಿತ್ಸೆ ಕೊಡಬಹುದು. ಆ ಬೆಳಕು ರಕ್ತದಲ್ಲಿನ ಫೋಲೇಟ್ ಎಂಬ ವಿಟಮಿನ್ ತಗ್ಗಿಸಬಹುದಾದ್ದರಿಂದ ಫೋಲಿಕ್ ಆಸಿಡ್ ಮಾತ್ರೆ ತಪ್ಪಿಸುವಂತಿಲ್ಲ.

ಈ ಕಾಯಿಲೆಯಿಂದ ಜೀವಕ್ಕೆ ಅಪಾಯ ತೀರಾ ಅಪರೂಪ. ಆದರೂ ಕೆಲವರಿಗೆ ಮುಂದೆ ನಿಜವಾದ ಲಿಂಫೋಮಾ ಬರುತ್ತದೆ. ಹಾಗಾಗಿ ಹೆರಿಗೆಯ ನಂತರವೂ ವರ್ಷಕ್ಕೊಮ್ಮೆಯಾದರೂ ಚರ್ಮವೈದ್ಯರು ನೋಡಲಿ. 2 ಸೆಂ.ಮೀ. ದಾಟಿ ಬೆಳೆದು ಕರಗದೇ ನಿಂತ ಗಂಟು, ಕುತ್ತಿಗೆ, ಕಂಕುಳು ಅಥವಾ ತೊಡೆಸಂದಿಯಲ್ಲಿ ಗಡ್ಡೆ, ಬಿಡದ ಜ್ವರ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು ಕಂಡರೆ ಮುಂದಿನ ತಪಾಸಣೆಯ ತನಕ ಕಾಯಬೇಡಿ.