ಸೈಪ್ರಸ್‌ನಲ್ಲಿ ಫ್ಲಾಟ್ ಕೊಳ್ಳುವ ಮುಂಚೆ ಏನೇನು ನೋಡಬೇಕು?

ಪಾಫೊಸ್‌ನಲ್ಲಿ ಎರಡು ಲಕ್ಷ ಯೂರೋದ ಹಳೇ ಫ್ಲಾಟ್ ನೋಡಿಟ್ಟಿದ್ದೀರಿ. ಬೆಂಗಳೂರಿನಲ್ಲಿದ್ದುಕೊಂಡೇ ಕೊಳ್ಳಬಹುದಾ, ಎಲ್ಲಿ ಎಡವುತ್ತೇವೆ ಅಂತ ಕೇಳಿದ್ದೀರಿ. ಕೊಳ್ಳಬಹುದು. ಆದರೆ ಬಾಲ್ಕನಿಯಿಂದ ಸಮುದ್ರ ಕಾಣುತ್ತದಾ ಅನ್ನುವುದನ್ನು ಆಮೇಲೆ ಕೇಳಿ. ಆ ಫ್ಲಾಟಿಗೇ ಅಂತ ಬೇರೆ ಟೈಟಲ್ ಡೀಡ್, ಅಂದರೆ ಮಾಲೀಕತ್ವದ ಪತ್ರ, ಆಗಿದೆಯಾ ಅನ್ನುವುದು ಮೊದಲ ಪ್ರಶ್ನೆ.

ಸೈಪ್ರಸ್‌ನಲ್ಲಿ ಕಟ್ಟಡ ಮುಗಿದು ಜನ ಸಂಸಾರ ಹೂಡಿ ವರ್ಷಗಳಾದರೂ ಜಾಗವೆಲ್ಲ ಬಿಲ್ಡರ್ ಹೆಸರಲ್ಲೇ ಉಳಿದಿರುವುದುಂಟು. ನಮ್ಮ ಓಸಿಯಂಥದ್ದೇ (ಕಟ್ಟಡ ವಾಸಕ್ಕೆ ಯೋಗ್ಯವೆಂದು ಕೊಡುವ ಪತ್ರ) ಒಂದು ಅಂತಿಮ ಅನುಮೋದನೆ ಪತ್ರ ಸಿಗದೆ ಫ್ಲಾಟಿಗೆ ಬೇರೆ ಡೀಡ್ ಆಗುವುದಿಲ್ಲ. ಯಾರೋ ಒಬ್ಬರು ವರಾಂಡಾ ಮುಚ್ಚಿ ರೂಮು ಮಾಡಿಕೊಂಡರೂ, ಈಜುಕೊಳ ನಕ್ಷೆಯಲ್ಲಿದ್ದ ಜಾಗ ಬಿಟ್ಟು ಸರಿದರೂ ಅದು ಅಡ್ಡಿಯಾಗುತ್ತದೆ. ಅಷ್ಟರಲ್ಲಿ ಬಿಲ್ಡರ್ ಆ ಜಾಗ ಅಡವಿಟ್ಟು ಸಾಲ ಕಟ್ಟದೆ ಹೋದರೆ, ಪೂರ್ತಿ ದುಡ್ಡು ಕೊಟ್ಟವರ ಮನೆಯೂ ಬ್ಯಾಂಕಿನ ಹಿಡಿತದಲ್ಲಿ. ಹೀಗೆ ಸಿಕ್ಕಿಬಿದ್ದವರಿಗಾಗಿ 2015ರಲ್ಲಿ ಅಲ್ಲಿನ ಸರ್ಕಾರ ವಿಶೇಷ ಕಾನೂನನ್ನೇ ತರಬೇಕಾಯಿತು. ಹಾಗಾಗಿ ಡೀಡ್ ಕೈಯಲ್ಲಿರುವ ಹಳೇ ಫ್ಲಾಟ್ ನೋಡಿದ್ದೀರೆಂದರೆ, ನನ್ನ ಲೆಕ್ಕದಲ್ಲಿ ಅರ್ಧ ಗೆದ್ದಿದ್ದೀರಿ.

ವಕೀಲರನ್ನು ನೀವೇ ಹುಡುಕಿ. ಏಜೆಂಟ್ ತೋರಿಸಿದವರು ಬೇಡ. ಇಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸುವ ಹಾಗೆ, ಅಲ್ಲಿನ ಲ್ಯಾಂಡ್ ರಿಜಿಸ್ಟ್ರಿಯಿಂದ ಸರ್ಚ್ ಸರ್ಟಿಫಿಕೇಟ್ ತೆಗೆಸಿ. ಇದಕ್ಕೆ ಮಾರುವವರ ಒಪ್ಪಿಗೆ ಪತ್ರ ಬೇಕು. ಕೊಡಲು ಸತಾಯಿಸಿದರೆ ಅಲ್ಲಿಗೇ ಬಿಟ್ಟುಬಿಡಿ. ಅಡಮಾನ, ಕೋರ್ಟ್ ತೀರ್ಪಿನ ಬಾಕಿ ಎಲ್ಲ ಅದರಲ್ಲಿ ಗೊತ್ತಾಗುತ್ತದೆ. ಅಡಮಾನವಿದ್ದರೆ, ಇಷ್ಟು ಹಣ ಕಟ್ಟಿದ ಮೇಲೆ ಈ ಫ್ಲಾಟಿನ ಮೇಲೆ ನಮ್ಮ ಹಕ್ಕಿಲ್ಲ ಎಂದು ಬ್ಯಾಂಕಿನಿಂದ ಬರಹದಲ್ಲಿ ತೆಗೆದುಕೊಳ್ಳಿ. ಮಾರುವವರ ಬಾಯಿಮಾತಿಗೆ ಬೆಲೆಯಿಲ್ಲ.

ಕರಾರಿಗೆ ಸಹಿಯಾದ ಮೇಲೆ ಅದನ್ನು ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಸಲ್ಲಿಸಬೇಕು. 2011ರ ಕಾನೂನಿನ ಪ್ರಕಾರ ಗಡುವು ಆರು ತಿಂಗಳು, ಆದರೆ ಅದೇ ವಾರ ಮಾಡಿ ಮುಗಿಸಿ. ಸಲ್ಲಿಸಿದ ದಿನದಿಂದ ಆ ಆಸ್ತಿಯ ಮೇಲೆ ನಿಮ್ಮ ಹಕ್ಕು ದಾಖಲಾಗುತ್ತದೆ. ನಿಮ್ಮನ್ನು ಬಿಟ್ಟು ಇನ್ನೊಬ್ಬರಿಗೆ ಮಾರಲು ಬರುವುದಿಲ್ಲ, ಆಮೇಲೆ ಮಾರುವವರಿಗೆ ಸಾಲ ಕೊಟ್ಟು ಹಕ್ಕು ಕೇಳುವವರು ನಿಮ್ಮ ಹಿಂದೆ ನಿಲ್ಲಬೇಕು. ಮೊದಲೇ ಇದ್ದ ಅಡಮಾನಕ್ಕೆ ಮಾತ್ರ ಇದು ಮದ್ದಲ್ಲ.

ಯುರೋಪಿಯನ್ ಒಕ್ಕೂಟದ ಹೊರಗಿನವರಾದ್ದರಿಂದ ನೋಂದಣಿಗೆ ಮುಂಚೆ ಸರ್ಕಾರದ ಅನುಮತಿ ಬೇಕು. ಅರ್ಜಿ ಜಿಲ್ಲಾಡಳಿತದ ಕಚೇರಿಗೆ. ನಿಮ್ಮಂಥವರಿಗೆ ಒಂದು ಮನೆ ಅಥವಾ ಫ್ಲಾಟ್ ಕೊಳ್ಳಲು ಸಾಮಾನ್ಯವಾಗಿ ತಕರಾರಿರುವುದಿಲ್ಲ. ಪ್ರತಿ ಸಹಿಗೂ ವಿಮಾನ ಹತ್ತಬೇಕಿಲ್ಲ, ವಕೀಲರಿಗೆ ಪವರ್ ಆಫ್ ಅಟಾರ್ನಿ ಬರೆದು ನೋಟರಿ ಮಾಡಿಸಿ ಅಪೋಸ್ಟಿಲ್ (ಹೊರದೇಶದಲ್ಲಿ ಒಪ್ಪುವಂತೆ ಸರ್ಕಾರ ಹಾಕುವ ದೃಢೀಕರಣ) ಹಾಕಿಸಿದರೆ ಸಾಕು.

ವರ್ಗಾವಣೆ ಶುಲ್ಕ ಮೊದಲ 85,000 ಯೂರೋಗೆ ಶೇ. 3, ಮುಂದಿನ 85,000ಕ್ಕೆ ಶೇ. 5, ಅದರ ಮೇಲಿನದಕ್ಕೆ ಶೇ. 8. ವ್ಯಾಟ್ ಇಲ್ಲದ ಹಳೇ ಮನೆಗೆ ಇದರಲ್ಲಿ ಅರ್ಧ ಮಾಫಿ. ಎರಡು ಲಕ್ಷಕ್ಕೆ 9,200 ಬರುತ್ತದೆ, ಕಟ್ಟುವುದು 4,600. ಗಂಡ ಹೆಂಡತಿ ಸಮಪಾಲಿನಲ್ಲಿ ಕೊಂಡರೆ ಒಬ್ಬೊಬ್ಬರ ಪಾಲಿಗೂ ಲೆಕ್ಕ ಬೇರೆ ಬೇರೆ, ಒಟ್ಟು 3,300ಕ್ಕೇ ಮುಗಿಯುತ್ತದೆ. ಹೊಸ ಮನೆಗಾದರೆ ಈ ಶುಲ್ಕವಿಲ್ಲ, ಬದಲಿಗೆ ಶೇ. 19 ವ್ಯಾಟ್.

ಜನ ಮರೆಯುವುದು ಇಲ್ಲಿಯ ಲೆಕ್ಕವನ್ನು. ಹೊರದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ ಒಬ್ಬರು ಒಂದು ಹಣಕಾಸು ವರ್ಷಕ್ಕೆ ಕಳಿಸಬಹುದಾದದ್ದು 2,50,000 ಡಾಲರ್. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕ್ ಶೇ. 20 ಟಿಸಿಎಸ್ (ಮುಂಗಡವಾಗಿ ವಸೂಲು ಮಾಡುವ ತೆರಿಗೆ) ಹಿಡಿಯುತ್ತದೆ. ಒಬ್ಬರೇ 2 ಕೋಟಿ ಕಳಿಸಿದರೆ 38 ಲಕ್ಷ ಬೇರೆ ಎತ್ತಿಟ್ಟಿರಬೇಕು. ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು ನಿಜ, ಆದರೆ ಅಲ್ಲಿಯವರೆಗೆ ಕೈ ಕಟ್ಟಿರುತ್ತದೆ. ಹಣ ನಿಮ್ಮ ಖಾತೆಯಿಂದಲೇ ಹೋಗಲಿ. ಹವಾಲಾ ಮಾತೆತ್ತಿದ ಏಜೆಂಟನ್ನು ದೂರವಿಡಿ.

ಉತ್ತರ ಸೈಪ್ರಸ್‌ನ ಅಗ್ಗದ ಮನೆಗಳ ಜಾಹೀರಾತು ನಿಮಗೂ ಬಂದಿರಬೇಕು. 1974ರಲ್ಲಿ ಟರ್ಕಿಯ ಸೇನೆ ನುಗ್ಗಿದಾಗ ಅಲ್ಲಿಂದ ಓಡಿಬಂದ ಗ್ರೀಕ್ ಸೈಪ್ರಿಯಟ್ಟರ ಜಮೀನಿನಲ್ಲಿ ಕಟ್ಟಿದವು ಅವುಗಳಲ್ಲಿ ಬಹಳ. ಅಂಥ ಜಾಗದಲ್ಲಿ ಮನೆ ಕಟ್ಟಿದ ಬ್ರಿಟಿಷ್ ದಂಪತಿಯ ವಿರುದ್ಧ ಸೈಪ್ರಸ್ ಕೋರ್ಟ್ ಕೊಟ್ಟ ತೀರ್ಪು ಬ್ರಿಟನ್ನಿನಲ್ಲೂ ಜಾರಿಯಾಗಬೇಕೆಂದು 2009ರಲ್ಲಿ ಯುರೋಪಿಯನ್ ನ್ಯಾಯಾಲಯ ಹೇಳಿತು. ಪಾಫೊಸ್ ಇರುವ ದಕ್ಷಿಣದ ಕಾನೂನಿನಲ್ಲಿ ಇಂಥ ಆಸ್ತಿಯ ವ್ಯವಹಾರಕ್ಕೆ ಏಳು ವರ್ಷದವರೆಗೆ ಜೈಲೂ ಇದೆ. ಆ ಕಡೆ ತಲೆ ಹಾಕಬೇಡಿ.

ಪೌರತ್ವದ ಆಸೆ ತೋರಿಸಿದರೂ ನಂಬಬೇಡಿ, ಹೂಡಿಕೆಗೆ ಪಾಸ್‌ಪೋರ್ಟ್ ಕೊಡುವುದನ್ನು 2020ರ ನವೆಂಬರ್‌ನಲ್ಲೇ ನಿಲ್ಲಿಸಿದ್ದಾರೆ. ಮನೆ ಕೊಂಡು ಕಾಯಂ ವಾಸದ ಪರವಾನಗಿ ಪಡೆಯಲು ಕನಿಷ್ಠ 3 ಲಕ್ಷ ಯೂರೋ, ಜೊತೆಗೆ ವ್ಯಾಟ್, ಅದೂ ಬಿಲ್ಡರ್‌ನಿಂದ ಕೊಂಡ ಹೊಸ ಮನೆಯೇ ಆಗಬೇಕು. ನೀವು ನೋಡಿದ ಫ್ಲಾಟಿಗೆ ಅದು ಸಿಗುವುದಿಲ್ಲ.

ಕೊಂಡ ಮೇಲೆ ಪ್ರತಿ ವರ್ಷ ಇಲ್ಲಿಯ ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊರದೇಶದ ಆಸ್ತಿ ತೋರಿಸುವ ಶೆಡ್ಯೂಲ್ ಎಫ್‌ಎ ತುಂಬಿಸಿ, ಬಾಡಿಗೆ ಬರದಿದ್ದರೂ ಸರಿ. ಬಿಟ್ಟರೆ ಕಪ್ಪುಹಣ ಕಾನೂನಿನಡಿ ದಂಡ 10 ಲಕ್ಷ ರೂಪಾಯಿ.