ಹಡಗಿನಿಂದ ಇಳಿದು ಎಫೆಸಸ್‌ಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಗ್ರೀಸ್-ಟರ್ಕಿ ಕ್ರೂಸ್‌ಗೆ ಹೊರಟವರ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಎಲ್ಲವೂ ಒಂದೇ ಜಾಗದ ಬಗ್ಗೆ: ಟರ್ಕಿಯ ಕುಶಾದಾಸಿ ಬಂದರಿನಲ್ಲಿ ಹಡಗು ನಿಂತಾಗ, ಅಲ್ಲಿಂದ ಸುಮಾರು 20 ಕಿ.ಮೀ. ದೂರದ ಎಫೆಸಸ್ ಎಂಬ ಗ್ರೀಕ್-ರೋಮನ್ ಕಾಲದ ಪಾಳುನಗರವನ್ನು ಖಾಸಗಿ ಗೈಡ್ ಜೊತೆ ನೋಡಿ ಬರುವುದು ಹೇಗೆ ಎಂದು.

ಪ್ರಶ್ನೆ: ನಾವು ಆರು ಜನ. ಹಡಗಿನವರ ಟೂರ್ ತಗೊಳ್ಳುವುದೋ, ಹೊರಗಿನ ಗೈಡ್ ಗೊತ್ತು ಮಾಡಿಕೊಳ್ಳುವುದೋ? ತಡವಾದರೆ ಹಡಗು ಬಿಟ್ಟೇ ಹೋಗುತ್ತದಂತೆ, ನಿಜವೇ?
— ಓದುಗರು, ಬೆಂಗಳೂರು

ನಿಜ. ಹಡಗಿನವರೇ ಕರೆದೊಯ್ದ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನೀವು ಗೊತ್ತು ಮಾಡಿಕೊಂಡ ವ್ಯಾನು ತಡವಾದರೆ ಕಾಯುವುದಿಲ್ಲ. ಆದರೂ ಆರು ಜನರಿಗೆ ನಾವು ಹೇಳುವುದು ಖಾಸಗಿ ಗೈಡೇ. ಖಾಸಗಿ ಟೂರಿನ ದರ ಸಾಮಾನ್ಯವಾಗಿ ತಲೆಲೆಕ್ಕದ್ದಲ್ಲ, ವ್ಯಾನು ಮತ್ತು ಗೈಡ್ ಲೆಕ್ಕದ್ದು. ಇಬ್ಬರಿಗೆ ಅದು ಭಾರ, ಆರು ಜನ ಹಂಚಿಕೊಂಡರೆ ಹಗುರ. ಅದಕ್ಕಿಂತ ದೊಡ್ಡ ಲಾಭ ಸಮಯದ್ದು. ದೊಡ್ಡ ಬಸ್ಸಿನಲ್ಲಿ ಎಲ್ಲರೂ ಕೂತು, ತಲೆ ಎಣಿಸಿ ಹೊರಡುವಷ್ಟರಲ್ಲಿ ನಿಮ್ಮ ವ್ಯಾನು ಅರ್ಧ ದಾರಿ ದಾಟಿರುತ್ತದೆ. ಎಫೆಸಸ್‌ನಲ್ಲಿ ಹಾಗೆ ಉಳಿಯುವ ಸಮಯಕ್ಕೆ ತುಂಬಾ ಬೆಲೆಯಿದೆ. ಗೇಟು 8ಕ್ಕೆ ತೆರೆಯುತ್ತದೆ, ಎರಡು ಮೂರು ಹಡಗು ಒಟ್ಟಿಗೆ ಬಂದ ದಿನ 10ರ ಹೊತ್ತಿಗೆ ಮುಖ್ಯ ಬೀದಿಯಲ್ಲಿ ಭುಜಕ್ಕೆ ಭುಜ ತಾಗುತ್ತದೆ.

ತಡವಾಗುವ ಭಯಕ್ಕೆ ಮದ್ದು ಸರಳ. ಹಡಗು ಹೊರಡುವ ಸಮಯವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪ್ರಯಾಣಿಕರೆಲ್ಲ ಒಳಗಿರಬೇಕಾದ ‘ಆಲ್ ಅಬೋರ್ಡ್’ ಸಮಯವನ್ನು ಹಿಡಿಯಿರಿ. ಅದು ಹೊರಡುವುದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲಿರುತ್ತದೆ. ಅದಕ್ಕೂ ಒಂದು ಗಂಟೆ ಮುಂಚೆ ಬಂದರಿನ ಗೇಟಿನಲ್ಲಿರುವಂತೆ ಗೈಡ್‌ಗೆ ಮೊದಲೇ ಬರೆದು ತಿಳಿಸಿ. ರಸ್ತೆ ಖಾಲಿಯಿದ್ದರೆ 25-30 ನಿಮಿಷದ ದಾರಿ, ಆ ಒಂದು ಗಂಟೆ ಟೈರು ಪಂಕ್ಚರ್ ಆದರೂ ಸಾಕು.

ಗಡಿಯಾರದ ವಿಷಯದಲ್ಲೂ ಜನ ಎಡವುತ್ತಾರೆ. ಟರ್ಕಿ 2016ರಿಂದ ವರ್ಷವಿಡೀ ಒಂದೇ ಸಮಯ ಇಟ್ಟುಕೊಂಡಿದೆ. ಗ್ರೀಸ್ ಚಳಿಗಾಲಕ್ಕೆ ಗಡಿಯಾರ ಹಿಂದಕ್ಕೆ ತಿರುಗಿಸುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಎರಡೂ ಕಡೆ ಒಂದೇ ಸಮಯ. ಅಕ್ಟೋಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಒಂದು ಗಂಟೆ ವ್ಯತ್ಯಾಸ. ನಿಮ್ಮ ಮೊಬೈಲು ದಡ ಮುಟ್ಟಿದ ಕೂಡಲೇ ಟರ್ಕಿಯ ಸಮಯಕ್ಕೆ ಬದಲಾಗುತ್ತದೆ, ಹಡಗು ಬದಲಾಗಿರಬೇಕೆಂದಿಲ್ಲ. ಒಬ್ಬರಾದರೂ ಕೈಗಡಿಯಾರ ಕಟ್ಟಿಕೊಂಡು ಅದನ್ನು ಹಡಗಿನ ಸಮಯಕ್ಕೇ ಇಟ್ಟಿರಿ. ಹಡಗಿನವರು ಹಿಂದಿನ ರಾತ್ರಿ ಕೊಡುವ ಹಾಳೆಯಲ್ಲಿ ಬಂದರಿನ ಏಜೆಂಟರ ಫೋನ್ ನಂಬರ್ ಇರುತ್ತದೆ, ಅದರ ಫೋಟೋ ತೆಗೆದುಕೊಂಡೇ ಇಳಿಯಿರಿ. ಹಡಗು ತಪ್ಪಿದರೆ ಮೊದಲ ಕರೆ ಅವರಿಗೆ, ಮುಂದಿನ ಬಂದರಿಗೆ ಹೋಗುವ ಖರ್ಚು ನಿಮ್ಮದು.

ಪ್ರಶ್ನೆ: ಭಾರತದ ಪಾಸ್‌ಪೋರ್ಟ್. ಅಥೆನ್ಸ್‌ನಿಂದ ಹಡಗು ಹತ್ತಿ ಮತ್ತೆ ಅಲ್ಲಿಗೇ ವಾಪಸ್. ಅರ್ಧ ದಿನ ಇಳಿಯಲು ಟರ್ಕಿ ವೀಸಾ ಬೇಕೇ?
— ಓದುಗರು, ಧಾರವಾಡ

ಹಡಗಿನಲ್ಲಿ ಬಂದವರು ಬಂದರಿನ ಊರು ಮತ್ತು ಹತ್ತಿರದ ಪ್ರಾಂತ್ಯಗಳನ್ನು 72 ಗಂಟೆಯೊಳಗೆ ನೋಡಿಕೊಂಡು ಹೋಗುವುದಾದರೆ ವೀಸಾ ವಿನಾಯಿತಿ ಕೊಡಲು ಟರ್ಕಿಯ ನಿಯಮದಲ್ಲಿ ಅವಕಾಶವಿದೆ. ಕುಶಾದಾಸಿ ಐದಿನ್ ಪ್ರಾಂತ್ಯದ್ದು, ಎಫೆಸಸ್ ಪಕ್ಕದ ಇಜ್ಮಿರ್ ಪ್ರಾಂತ್ಯದ್ದು, ಎರಡೂ ಇದರೊಳಗೇ ಬರುತ್ತವೆ. ಆದರೆ ನಿಮ್ಮನ್ನು ಹಡಗು ಹತ್ತಿಸಿಕೊಳ್ಳುವವರು ಕಂಪನಿಯವರು. ಅವರು ವೀಸಾ ಬೇಕೆಂದರೆ ಬೇಕೇ ಬೇಕು. ಟಿಕೆಟ್ ಮಾಡುವ ಮುಂಚೆಯೇ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಇಸ್ತಾಂಬುಲ್‌ನಲ್ಲಿ ಹಡಗು ಹತ್ತುವವರಿಗೆ, ಅಲ್ಲಿ ಇಳಿಯುವವರಿಗೆ ಈ ವಿನಾಯಿತಿಯ ಮಾತೇ ಇಲ್ಲ.

ಟರ್ಕಿಗಿಂತ ನಿಮ್ಮ ಷೆಂಗೆನ್ ವೀಸಾ (ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ವೀಸಾ) ಕಡೆ ಗಮನ ಕೊಡಿ. ಕುಶಾದಾಸಿಗೆ ಹೋದಿರಿ ಎಂದರೆ ಷೆಂಗೆನ್ ವಲಯದಿಂದ ಹೊರಗೆ ಹೋದ ಹಾಗೆ. ಮರಳಿ ಗ್ರೀಸ್‌ಗೆ ಬರಲು ಎರಡನೇ ಪ್ರವೇಶ ಬೇಕು. ವೀಸಾ ಚೀಟಿಯಲ್ಲಿ ಪ್ರವೇಶದ ಸಂಖ್ಯೆ 1 ಎಂದಿದ್ದರೆ ತೊಂದರೆ, 2 ಅಥವಾ ‘ಮಲ್ಟ್’ (ಹಲವು ಪ್ರವೇಶ) ಎಂದಿರಬೇಕು. ಅರ್ಜಿ ಹಾಕುವಾಗಲೇ ಹಡಗಿನ ಮಾರ್ಗಪಟ್ಟಿ ಲಗತ್ತಿಸಿ ಮಲ್ಟಿಪಲ್ ಎಂಟ್ರಿ ಕೇಳಿ.

ಪ್ರಶ್ನೆ: ಅಮ್ಮನಿಗೆ 72 ವರ್ಷ, ಮಂಡಿನೋವು. ಒಂದೆರಡು ಕಿ.ಮೀ. ನಿಧಾನವಾಗಿ ನಡೆಯುತ್ತಾರೆ. ಕರೆದುಕೊಂಡು ಹೋಗಬಹುದೇ?
— ಓದುಗರು, ಮೈಸೂರು

ಖಂಡಿತ ಹೋಗಬಹುದು. ಆದರೆ ಯಾವ ಗೇಟಿನಿಂದ ಒಳಹೋಗುತ್ತೀರಿ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಎಫೆಸಸ್‌ಗೆ ಎರಡು ಗೇಟು. ಹೆಚ್ಚಿನ ಟೂರುಗಳು ಗುಡ್ಡದ ಮೇಲಿನ ಗೇಟಿನಲ್ಲಿ ಇಳಿಸಿ, ಇಳಿಜಾರಿನಲ್ಲಿ ನಡೆಸಿಕೊಂಡು ಬಂದು, ಕೆಳಗಿನ ಗೇಟಿನಲ್ಲಿ ಹೊರಗೆ ಬಿಡುತ್ತವೆ. ಅಷ್ಟರಲ್ಲಿ ವ್ಯಾನು ಸುತ್ತಿಬಂದು ಅಲ್ಲಿ ನಿಂತಿರುತ್ತದೆ. ಗಟ್ಟಿಮುಟ್ಟಾದವರಿಗೆ ಇದೇ ಸರಿಯಾದ ಕ್ರಮ. ಮಂಡಿನೋವಿಗೆ ಮಾತ್ರ ಇಳಿಜಾರು ಏರಿಗಿಂತ ಕಷ್ಟ. ಹರ್ಕ್ಯುಲಿಸ್ ದ್ವಾರದಿಂದ ಸೆಲ್ಸಸ್ ಗ್ರಂಥಾಲಯದವರೆಗೆ ಇಳಿಯುವ ಕ್ಯುರೀಟ್ಸ್ ಬೀದಿಯ ಹಾಸುಗಲ್ಲು ಅಮೃತಶಿಲೆ. ಕೋಟ್ಯಂತರ ಪಾದಗಳು ಸವೆಸಿ ಅದು ಕನ್ನಡಿಯಂತಾಗಿದೆ. ಒಂದೊಂದು ಚಪ್ಪಡಿ ಒಂದೊಂದು ಮಟ್ಟದಲ್ಲಿದ್ದು, ನಡುವಿನ ಸಂದಿ ಊರುಗೋಲಿನ ತುದಿ ಸಿಕ್ಕಿಕೊಳ್ಳುವಷ್ಟು ಅಗಲ. ಬಗ್ಗಿ ನೋಡಿದರೆ ಕೆಲವು ಕಲ್ಲುಗಳ ಮೇಲೆ ಸಾಲು ಸಾಲು ಗೀರು ಕಾಣುತ್ತದೆ. ಜಾರದಿರಲೆಂದು ಆ ಕಾಲದಲ್ಲೇ ಕೊರೆದದ್ದು. ಮಳೆ ಬಿದ್ದ ದಿನ ಆ ಗೀರುಗಳೂ ಸಾಲುವುದಿಲ್ಲ.

ಅಮ್ಮನಿಗಾಗಿ ಹೀಗೆ ಮಾಡಿ. ಕೆಳಗಿನ ಗೇಟಿನಿಂದಲೇ ಒಳಹೋಗಿ ಅಲ್ಲಿಂದಲೇ ಹೊರಬರುವ ಟೂರ್ ಬೇಕೆಂದು ಗೈಡ್‌ಗೆ ಹೇಳಿ. ಹೆಚ್ಚುಕಮ್ಮಿ ಸಮತಟ್ಟಾದ ಈ ದಾರಿಯಲ್ಲಿ ಮಹಾರಂಗಮಂದಿರ, ಅಮೃತಶಿಲೆಯ ಬೀದಿ, ಸೆಲ್ಸಸ್ ಗ್ರಂಥಾಲಯ ಮೂರೂ ಸಿಗುತ್ತವೆ. ಗ್ರಂಥಾಲಯದ ಮುಖ ಪೂರ್ವಕ್ಕಿದೆ, ಬೆಳಗಿನ ಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಬೇಗ ಹೋದರೆ ಜನ ಕಡಿಮೆ, ಬೆಳಕೂ ಚೆನ್ನ. ಎದುರಿನ ಮೆಟ್ಟಿಲ ಮೇಲೆ ಅಮ್ಮ ಕೂತು ಸಮಾಧಾನವಾಗಿ ನೋಡಲಿ: ನಡುವಿನ ಕಂಬಗಳು ಅಂಚಿನವುಗಳಿಗಿಂತ ದೊಡ್ಡವು, ಇಕ್ಕಟ್ಟಿನ ಜಾಗದಲ್ಲಿ ಕಟ್ಟಡ ಅಗಲವಾಗಿ ಕಾಣಲಿ ಎಂದು ಶಿಲ್ಪಿಗಳು ಮಾಡಿದ ಉಪಾಯ. ಬಿದ್ದುಹೋಗಿದ್ದ ಈ ಮುಂಭಾಗವನ್ನು 1970ರ ದಶಕದಲ್ಲಿ ಆಸ್ಟ್ರಿಯಾದ ಪುರಾತತ್ವಜ್ಞರು ಚೂರು ಚೂರು ಜೋಡಿಸಿ ನಿಲ್ಲಿಸಿದರು. ಗೂಡುಗಳಲ್ಲಿರುವ ನಾಲ್ಕು ಸ್ತ್ರೀಮೂರ್ತಿಗಳು ನಕಲು, ಮೂಲ ವಿಯೆನ್ನಾದಲ್ಲಿವೆ.

ಉಳಿದವರು ಮೇಲಿನಿಂದಲೇ ನಡೆದು ಬರಬೇಕೆಂದರೆ ಗುಂಪು ಒಡೆಯಬೇಕು. ಗೈಡ್ ಒಬ್ಬರೇ ಆದ್ದರಿಂದ ಅಮ್ಮನ ಜೊತೆ ಮನೆಯವರೊಬ್ಬರು ಇರಲೇಬೇಕು. ಶೌಚಾಲಯ ಗೇಟುಗಳ ಹತ್ತಿರ ಇದೆ, ಒಳಹೋಗುವ ಮುಂಚೆಯೇ ಮುಗಿಸಿಕೊಳ್ಳಿ. ನೆರಳು ಇಲ್ಲವೇ ಇಲ್ಲ ಎನ್ನಬೇಕು. ಜುಲೈ-ಆಗಸ್ಟ್‌ನಲ್ಲಿ ಕಲ್ಲೂ ಬಿಸಿಲನ್ನು ಎರಚುತ್ತದೆ. ತಲೆಗೊಂದು ಲೀಟರ್ ನೀರು, ಟೋಪಿ, ರಬ್ಬರ್ ಅಟ್ಟೆಯ ಬೂಟು. ಸವೆದ ಅಟ್ಟೆಯ ಚಪ್ಪಲಿ ಬೇಡ.

ಪ್ರಶ್ನೆ: ಹಡಗು ಬೆಳಿಗ್ಗೆ 8ಕ್ಕೆ ಬಂದು ಮಧ್ಯಾಹ್ನ 2ಕ್ಕೆ ಹೊರಡುತ್ತದೆ. ಎಫೆಸಸ್, ಏಸುವಿನ ತಾಯಿ ಮೇರಿಯಮ್ಮನ ಮನೆ, ಆರ್ಟೆಮಿಸ್ ದೇವಿಯ ದೇಗುಲ, ಮ್ಯೂಸಿಯಂ ಎಲ್ಲ ತೋರಿಸುತ್ತೇವೆ ಎಂದಿದ್ದಾರೆ. ಆಗುತ್ತದೆಯೇ?
— ಓದುಗರು, ದುಬೈ

ಆಗುವುದಿಲ್ಲ. ತೋರಿಸುತ್ತಾರೆ, ನೀವು ನೋಡಿರುವುದಿಲ್ಲ. ಲೆಕ್ಕ ಹಾಕೋಣ. ಇಳಿದು ಬಂದರಿನ ಅಂಗಡಿಸಾಲು ದಾಟಿ ಗೈಡ್ ಕೈಗೆ ಸಿಗುವಾಗ 8.20. ಮೇಲಿನ ಗೇಟಿಗೆ 8.50. ‘ಆಲ್ ಅಬೋರ್ಡ್’ 1.30 ಎಂದಿಟ್ಟುಕೊಂಡರೆ 12.30ಕ್ಕೆ ಬಂದರು ತಲುಪಬೇಕು, ಅಂದರೆ 12ಕ್ಕೆ ಎಫೆಸಸ್ ಬಿಡಬೇಕು. ಕೈಯಲ್ಲಿರುವುದು ಮೂರು ಗಂಟೆ. ಮುಖ್ಯ ದಾರಿಗೆ ಎರಡು ಗಂಟೆ, ಟೆರೇಸ್ ಮನೆಗಳಿಗೆ (ಎಫೆಸಸ್ ಒಳಗೇ ಗುಡ್ಡದ ಇಳಿಜಾರಿನಲ್ಲಿರುವ ಸಿರಿವಂತರ ಹಳೆಯ ಮನೆಗಳು) 45 ನಿಮಿಷ. ಅಲ್ಲಿಗೆ ಮುಗಿಯಿತು. ದಾರಿಯಲ್ಲೇ ಇರುವ ಆರ್ಟೆಮಿಸ್ ದೇಗುಲಕ್ಕೆ ಹತ್ತು ನಿಮಿಷ ಸಾಕು. ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದಾಗಿದ್ದ ಆ ಜಾಗದಲ್ಲಿ ಈಗ ನಿಂತಿರುವುದು ತುಂಡುಗಳನ್ನು ಪೇರಿಸಿದ ಒಂದೇ ಕಂಬ.

ಟೆರೇಸ್ ಮನೆಗಳಿಗೆ ಬೇರೆ ಟಿಕೆಟ್. 2024ರಲ್ಲಿ ವಿದೇಶಿಯರಿಗೆ ಎಫೆಸಸ್ ಟಿಕೆಟ್ 40 ಯೂರೋ, ಇದಕ್ಕೆ ಮೇಲೆ 15 ಯೂರೋ ಇತ್ತು. ಹೊರಡುವ ಮುಂಚೆ ಆ ವರ್ಷದ ದರ ನೋಡಿಕೊಳ್ಳಿ. ಎಷ್ಟೋ ಟೂರುಗಳು ಸಮಯ ಉಳಿಸಲೆಂದು ಇದನ್ನು ಬಿಡುತ್ತವೆ. ಬಿಡಬೇಡಿ ಎಂದು ಒತ್ತಿ ಹೇಳುತ್ತೇವೆ. ಬೀದಿಯಲ್ಲಿ ಕಾಣುವುದು ಊರಿನ ಮುಖ, ಇಲ್ಲಿ ಕಾಣುವುದು ಮನೆಯ ಒಳಗು: ಗೋಡೆಯ ವರ್ಣಚಿತ್ರ, ನೆಲದ ಮೊಸಾಯಿಕ್, ನೆಲದಡಿ ಬಿಸಿಗಾಳಿ ಹಾಯಿಸುತ್ತಿದ್ದ ವ್ಯವಸ್ಥೆ. ಒಂದು ಮನೆಯ ಹಜಾರದ ಗೋಡೆಗಳಿಗೆ ಹೊದಿಸಿದ್ದ ಅಮೃತಶಿಲೆ ಸುಮಾರು 1,20,000 ಚೂರಾಗಿ ಬಿದ್ದಿತ್ತು; ಅವನ್ನು ಮೇಜುಗಳ ಮೇಲೆ ಹರವಿಕೊಂಡು ಹೊಂದಿಸಿದ ಕೆಲಸವನ್ನೂ ನೋಡಬಹುದು. ಮೇಲೆ ಸೂರು ಇದೆ, ಬಿಸಿಲಿಗೆ ಬಿಡುವು. ಮೆಟ್ಟಿಲು ಮಾತ್ರ ಬಹಳ.

ಮೇರಿಯಮ್ಮನ ಮನೆ ನಿಮಗೆ ಹರಕೆಯ ಜಾಗವಾಗಿದ್ದರೆ ಮೊದಲು ಅಲ್ಲಿಗೇ ಹೋಗಿ. ಅದು ಮೇಲಿನ ಗೇಟಿನಿಂದಾಚೆ ಗುಡ್ಡದ ತಿರುವು ರಸ್ತೆಯಲ್ಲಿದೆ. ಬೆಳಿಗ್ಗೆ ಮುಗಿಸಿಕೊಂಡು ಇಳಿಯುತ್ತ ಎಫೆಸಸ್‌ಗೆ ಬಂದರೆ ದಾರಿ ಸುತ್ತು ಬೀಳುವುದಿಲ್ಲ. ಹೋಗಿಬರುವುದೂ ಸೇರಿ ಒಂದು ಗಂಟೆ ಬೇಕು. ಆಗ ಟೆರೇಸ್ ಮನೆ ಬಿಡಲೇಬೇಕಾಗುತ್ತದೆ.

ಪ್ರಶ್ನೆ: ಒಳ್ಳೆಯ ಗೈಡ್ ಎಂದು ಮುಂಚೆಯೇ ತಿಳಿಯುವುದು ಹೇಗೆ? ಕಾರ್ಪೆಟ್ ಅಂಗಡಿಗೆ ಕರೆದೊಯ್ದು ಕೂರಿಸುತ್ತಾರೆ ಎಂದು ಕೇಳಿದ್ದೇವೆ.
— ಓದುಗರು, ಮಂಗಳೂರು

ಟರ್ಕಿಯಲ್ಲಿ ಲೈಸೆನ್ಸ್ ಇಲ್ಲದೆ ಗೈಡ್ ಕೆಲಸ ಮಾಡುವುದು ಕಾನೂನುಬಾಹಿರ. ಲೈಸೆನ್ಸ್ ಇರುವವರು ಫೋಟೋ ಇರುವ ಗುರುತುಚೀಟಿಯನ್ನು ಕೊರಳಿಗೆ ಹಾಕಿಕೊಂಡಿರಬೇಕು, ಅದಕ್ಕೆ ಅಲ್ಲಿ ‘ಕೊಕಾರ್ತ್’ ಎನ್ನುತ್ತಾರೆ. ಬುಕ್ ಮಾಡುವಾಗಲೇ ಗೈಡ್ ಹೆಸರು, ಲೈಸೆನ್ಸ್ ಸಂಖ್ಯೆ ಕೇಳಿ. ಬಂದರಿನ ಹೊರಗೆ ‘ನಾನೇ ತೋರಿಸುತ್ತೇನೆ’ ಎನ್ನುವ ಟ್ಯಾಕ್ಸಿ ಚಾಲಕ ಗೇಟಿನವರೆಗೆ ಕರೆದೊಯ್ಯಬಲ್ಲ, ಒಳಗೆ ಬಂದು ವಿವರಿಸುವಂತಿಲ್ಲ.

ಕಾರ್ಪೆಟ್, ಚರ್ಮದ ಜಾಕೆಟ್ ಅಂಗಡಿಗಳ ಮಾತು ನಿಜ. ಅಲ್ಲಿ ಮಾರಾಟವಾದರೆ ಕಮಿಷನ್ ಸಿಗುತ್ತದೆ, ಆ ನಂಬಿಕೆಯಲ್ಲೇ ಕೆಲವರು ಟೂರಿನ ದರ ಇಳಿಸಿರುತ್ತಾರೆ. ಅರ್ಧ ದಿನದ ಟೂರಿನಲ್ಲಿ ಅಂಗಡಿ 45 ನಿಮಿಷ ನುಂಗುತ್ತದೆ. ‘ಯಾವ ಅಂಗಡಿಗೂ ಹೋಗುವುದಿಲ್ಲ’ ಎಂದು ಇಮೇಲ್‌ನಲ್ಲೇ ಬರೆಯಿಸಿಕೊಳ್ಳಿ. ಜೊತೆಗೆ ಇಷ್ಟನ್ನೂ: ಪ್ರವೇಶ ಟಿಕೆಟ್ ದರದಲ್ಲಿ ಸೇರಿದೆಯೇ, ಗೈಡ್ ನಿಮ್ಮ ಗುಂಪಿಗೆ ಮಾತ್ರವೇ, ಗಾಳಿ ಜೋರಾಗಿ ಹಡಗು ಬಂದರು ಬಿಟ್ಟು ಮುಂದೆ ಹೋದರೆ ಹಣ ಪೂರ್ತಿ ವಾಪಸ್ಸೇ. ಕೊನೆಯದಕ್ಕೆ ‘ಹೌದು’ ಎನ್ನದವರಿಗೆ ಮುಂಗಡ ಕೊಡಬೇಡಿ. ಟೂರ್ ಮುಗಿದ ಮೇಲೆ ಹಣ ಪಡೆಯುವವರೂ ಅಲ್ಲಿ ಸಾಕಷ್ಟಿದ್ದಾರೆ.

ಗೈಡ್ ಗುಣ ತಿಳಿಯಲು ಒಂದು ಜಾಗವಿದೆ. ಅಮೃತಶಿಲೆಯ ಬೀದಿಯಲ್ಲಿ ಕಲ್ಲೊಂದರ ಮೇಲೆ ಪಾದ, ಪಕ್ಕದಲ್ಲಿ ಹೆಣ್ಣಿನ ಮುಖ ಕೆತ್ತಿದೆ. ಅದು ವೇಶ್ಯಾಗೃಹದ ಜಾಹೀರಾತು, ಜಗತ್ತಿನ ಮೊದಲ ಜಾಹೀರಾತು ಎಂಬ ಕಥೆ ಬಹಳ ಚಾಲ್ತಿಯಲ್ಲಿದೆ. ಅದಕ್ಕೆ ಗಟ್ಟಿ ಆಧಾರವಿಲ್ಲ ಎಂದು ತಾನಾಗಿಯೇ ಹೇಳುವ ಗೈಡ್ ಸಿಕ್ಕರೆ ನಿಮ್ಮ ಹಣ ಸಾರ್ಥಕ.

ಗೇಟಿನ ಬಳಿ ‘ಪುರಾತನ ನಾಣ್ಯ’ ಎಂದು ಗುಟ್ಟಾಗಿ ತೋರಿಸುವವರಿಂದ ಏನೂ ಕೊಳ್ಳಬೇಡಿ. ಖೋಟಾ ಆದರೆ ದುಡ್ಡು ಹೋಯಿತು, ಅಸಲಿ ಆದರೆ ದೇಶದಿಂದ ಒಯ್ಯುವುದು ಅಪರಾಧ. ನೆಲದ ಮೇಲಿನ ಕಲ್ಲಿನ ಚೂರಿಗೂ ಇದೇ ಮಾತು.

ಪ್ರಶ್ನೆ: ಸಸ್ಯಾಹಾರಿಗಳಿಗೆ ಏನು ಸಿಗುತ್ತದೆ?
— ಓದುಗರು, ಶಿವಮೊಗ್ಗ

ಗೊಜ್ಲೆಮೆ ಕೇಳಿ. ತೆಳ್ಳಗೆ ಲಟ್ಟಿಸಿದ ರೊಟ್ಟಿಯೊಳಗೆ ಪಾಲಕ್, ಚೀಸ್ ಅಥವಾ ಆಲೂಗಡ್ಡೆ ಇಟ್ಟು ಮಡಚಿ ಕಾವಲಿಯ ಮೇಲೆ ಬೇಯಿಸುತ್ತಾರೆ, ಕಣ್ಣೆದುರೇ ಮಾಡಿಕೊಡುವುದರಿಂದ ಅನುಮಾನವಿಲ್ಲ. ಜೊತೆಗೆ ಐರಾನ್, ನಮ್ಮ ಉಪ್ಪು ಮಜ್ಜಿಗೆಯ ಹಾಗೆಯೇ. ಬೇಳೆ ಸಾರಿನಂತಿರುವ ಮೆರ್ಜಿಮೆಕ್ ಸೂಪನ್ನು ಕೆಲವೆಡೆ ಮಾಂಸ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ. ‘ಎತ್ ಸುಯು ವಾರ್ ಮಿ?’ (ಮಾಂಸದ ನೀರು ಇದೆಯೇ?) ಎಂದು ಕೇಳಿ. ಅರ್ಧ ದಿನದ ಟೂರಿನಲ್ಲಿ ಊಟಕ್ಕೆ ನಿಲ್ಲುವುದಕ್ಕಿಂತ ಹಡಗಿಗೆ ಮರಳಿ ಉಣ್ಣುವುದೇ ಜಾಣತನ.

ಪ್ರಶ್ನೆ: ಎಫೆಸಸ್ ದೊಡ್ಡ ಬಂದರು ನಗರವಾಗಿತ್ತು ಎಂದು ಓದಿದ್ದೇನೆ. ಹಾಗಾದರೆ ಹಡಗು 20 ಕಿ.ಮೀ. ದೂರದಲ್ಲಿ ಏಕೆ ನಿಲ್ಲುತ್ತದೆ?
— ಓದುಗರು, ತುಮಕೂರು

ಕಡಲು ಹಿಂದೆ ಸರಿದದ್ದರಿಂದ. ಇಲ್ಲಿ ಹರಿಯುವ ಕುಚುಕ್ ಮೆಂದೆರೆಸ್ ನದಿ (ಹಳೆಯ ಹೆಸರು ಕೈಸ್ಟ್ರೋಸ್) ಶತಮಾನಗಳ ಕಾಲ ಹೂಳು ತಂದು ಸುರಿಯಿತು. ಬಂದರನ್ನು ಮತ್ತೆ ಮತ್ತೆ ತೋಡಿಸಿದರೂ ಹೂಳು ಗೆದ್ದಿತು. ಈಗ ದಡ ಐದಾರು ಕಿ.ಮೀ. ಆಚೆಗಿದೆ. ಹಡಗು ಬರದ ಊರಿಗೆ ವ್ಯಾಪಾರವೂ ಬರಲಿಲ್ಲ, ನಿಂತ ನೀರಿನಿಂದ ಮಲೇರಿಯಾ ಹಬ್ಬಿತು, ಜನ ಪಕ್ಕದ ಸೆಲ್ಚುಕ್ ಊರಿನ ಗುಡ್ಡದ ಕಡೆ ಸರಿದರು.

ಇದನ್ನು ಕಣ್ಣಾರೆ ನೋಡಬೇಕೆಂದರೆ ಗೈಡ್‌ಗೆ ಹೇಳಿ 20 ನಿಮಿಷ ಎತ್ತಿಟ್ಟು, ಸುಮಾರು 24,000 ಜನ ಕೂರುತ್ತಿದ್ದ ಮಹಾರಂಗಮಂದಿರದ ಮೆಟ್ಟಿಲನ್ನು ಅರ್ಧದವರೆಗಾದರೂ ಹತ್ತಿ, ಹಿಂದಿರುಗಿ ನೋಡಿ. ಅರ್ಕಾಡಿಯಸ್ ಚಕ್ರವರ್ತಿಯ ಹೆಸರಿನ ಬಂದರು ಬೀದಿ, ಒಂದು ಕಾಲಕ್ಕೆ ರಾತ್ರಿ ದೀಪ ಉರಿಯುತ್ತಿದ್ದ ಬೀದಿ, ಕಾಲಡಿಯಿಂದ ನೇರವಾಗಿ ಅರ್ಧ ಕಿ.ಮೀ. ಸಾಗಿ ಜೊಂಡಿನ ಹಸಿರಿನಲ್ಲಿ ನಿಲ್ಲುತ್ತದೆ. ಆ ಜೊಂಡು ಬೆಳೆದಿರುವ ಜಾಗವೇ ಬಂದರು.